ಬೀಗ ಹಾಕಲಾಗದ ಏಣಿ: ರಿಚ್ಮಂಡಿನಲ್ಲಿ ಆರು ದಿನ

ರಿಚ್ಮಂಡ್ ಎಂದರೆ ನಮ್ಮ ಬೆಂಗಳೂರಿನವರಿಗೆ ಫ್ಲೈಓವರ್ ನೆತ್ತಿಯ ಮೇಲೆ ಸಿಗ್ನಲ್ ಕಂಬ ನೆಟ್ಟಿರುವ ಸರ್ಕಲ್ಲು. ಹಾಗಾಗಿ ತಂಗಿ ಲಂಡನ್ನಿನಿಂದ ಫೋನು ಮಾಡಿ "ನಮ್ಮದು ರಿಚ್ಮಂಡ್ ಕಣೇ ಅಕ್ಕ, ಬಂದು ನೋಡು, ಎಲ್ಲಿ ನೋಡಿದ್ರೂ ಮರ" ಎಂದಾಗಲೆಲ್ಲ ನನಗೆ ನಗು. ಈ ಸಲ ಹೊರಟೇಬಿಟ್ಟೆ. 2025ರ ಏಪ್ರಿಲ್ ಕೊನೆ. ಸೂಟ್‌ಕೇಸಿನಲ್ಲಿ ಎರಡು ಸ್ವೆಟರು, ಒಂದು ಶಾಲು, ಎರಡು ಕೇಜಿ ಹುರಿಗಾಳು. ಸ್ವೆಟರುಗಳ ಗತಿ ಏನಾಯಿತೆಂದು ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು ನನ್ನದೊಂದು ಚಾಳಿ ಹೇಳಬೇಕು. ನಿವೃತ್ತಳಾದ ಮೇಲೆ ನಮ್ಮ ಬಡಾವಣೆಯ ಪಾರ್ಕಿನ ಹಿಂದಿನ ಗೇಟಿಗೆ ಬಿದ್ದ ಬೀಗ ತೆಗೆಸಲು ಮೂರು ವರ್ಷ ಅಲೆದಿದ್ದೇನೆ. ಒಂದು ಕಚೇರಿಯಲ್ಲಿ "ಪಾರ್ಕು ನಮ್ಮದು ಮೇಡಂ, ಗೇಟು ನಮ್ಮದಲ್ಲ" ಎಂದರು. ಇನ್ನೊಂದರಲ್ಲಿ "ಗೇಟು ನಮ್ಮದೇ, ಬೀಗ ಯಾರು ಹಾಕಿದ್ರೋ ಗೊತ್ತಿಲ್ಲ" ಎಂದರು. ಅಂದಿನಿಂದ ಎಲ್ಲೇ ನಾಲ್ಕು ಮರ ಕಂಡರೂ ಮೊದಲು ಬಾಯಿಗೆ ಬರುವ ಮಾತು ಒಂದೇ: ಇದು ಯಾರ ಸುಪರ್ದಿ?

ಸೋಮವಾರ, ಏಪ್ರಿಲ್ 28

ತಂಗಿಯ ಮನೆ ಇರುವುದು ರಿಚ್ಮಂಡ್ ಬರೋದ ಟೆಡಿಂಗ್ಟನ್ನಿನಲ್ಲಿ. ಬರೋ ಎಂದರೆ ತನ್ನದೇ ಕೌನ್ಸಿಲ್ ಇರುವ ಆಡಳಿತ ವಿಭಾಗ. ಲಂಡನ್ನಿಗೆ 32 ಬರೋಗಳು, ಜೊತೆಗೆ ಹಳೆಯ ಸಿಟಿ ಆಫ್ ಲಂಡನ್ ಬೇರೆ. 12 ಬರೋ ಒಳಗಿನವು, 20 ಹೊರಗಿನವು. ರಿಚ್ಮಂಡ್ ಹೊರಗಿನದು. 1965ರ ಏಪ್ರಿಲ್ 1ರಂದು ಟ್ವಿಕನ್‌ಹ್ಯಾಮ್, ರಿಚ್ಮಂಡ್, ಬಾರ್ನ್ಸ್ ಎಂಬ ಮೂರು ಪುರಸಭೆಗಳನ್ನು ಸೇರಿಸಿ ಇದನ್ನು ಕಟ್ಟಿದರು. ಟ್ವಿಕನ್‌ಹ್ಯಾಮ್ ಮಿಡ್ಲ್‌ಸೆಕ್ಸ್ ಕೌಂಟಿಯದು, ಉಳಿದೆರಡು ಸರ್ರಿಯವು. ಹೀಗಾಗಿ ಥೇಮ್ಸ್ ನದಿಯ ಎರಡೂ ದಡದಲ್ಲಿ ಕಾಲು ಚಾಚಿಕೊಂಡಿರುವ ಏಕೈಕ ಲಂಡನ್ ಬರೋ ಇದು. ಈ ಕಡೆಯವರು ಆ ಕಡೆಗೆ ಹೋಗುವಾಗ ಇವತ್ತಿಗೂ ಬೇರೆ ಊರಿಗೆ ಹೊರಟವರಂತೆ ಮಾತಾಡುತ್ತಾರೆ ಎಂದು ತಂಗಿ ನಗುತ್ತಾಳೆ.

ಅವಳಿಗೆ ಕೆಲಸ, ಮಗಳಿಗೆ ಶಾಲೆ. ನಾನೊಬ್ಬಳೇ 33ನೇ ನಂಬರ್ ಬಸ್ ಹತ್ತಿ ಟ್ವಿಕನ್‌ಹ್ಯಾಮಿನಲ್ಲಿ ಇಳಿದೆ. ಈ ಬಸ್ಸು ಟೆಡಿಂಗ್ಟನ್, ಟ್ವಿಕನ್‌ಹ್ಯಾಮ್, ರಿಚ್ಮಂಡ್, ಶೀನ್, ಬಾರ್ನ್ಸ್ ಎಂದು ಬರೋದ ಉದ್ದಕ್ಕೂ ಹೋಗುತ್ತದೆ. ಆರು ದಿನವೂ ನನ್ನ ರಥ ಅದೇ.

ನದಿ ದಂಡೆಯ ಬೆಂಚಿನ ಮೇಲೆ ಕೂತಿದ್ದೆ. ಮಧ್ಯಾಹ್ನ ಮುಗಿಯುವ ಹೊತ್ತಿಗೆ ನೀರು ಸದ್ದಿಲ್ಲದೆ ಮೆಟ್ಟಿಲೇರಿ, ರಸ್ತೆಗೆ ಬಂದು, ನನ್ನ ಚಪ್ಪಲಿ ಮುಟ್ಟಿತು. ಬೆಂಗಳೂರಿನವಳಾದ ನನಗೆ ರಸ್ತೆಗೆ ನೀರು ಬಂದರೆ ಹೊಳೆಯುವುದು ರಾಜಕಾಲುವೆ ಒತ್ತುವರಿ ಒಂದೇ. ಪಕ್ಕದಲ್ಲಿದ್ದ ಮುದುಕರು ನಿಧಾನವಾಗಿ ಕಾಲು ಮೇಲೆತ್ತಿಕೊಂಡು, "ಉಬ್ಬರ, ನಿನ್ನೆ ತಾನೆ ಅಮಾವಾಸ್ಯೆ" ಎಂದರು, ಅವರ ಭಾಷೆಯಲ್ಲಿ. ಸಮುದ್ರ ಇಷ್ಟು ದೂರದಲ್ಲಿದ್ದರೂ ಅದರ ಉಸಿರು ಟೆಡಿಂಗ್ಟನ್ನಿನ ಲಾಕ್ ಎಂಬ, ದೋಣಿ ದಾಟಿಸುವ ನೀರಿನ ಕಟ್ಟೆಯವರೆಗೆ ತಲುಪುತ್ತದೆ, ಅಲ್ಲಿಂದ ಮೇಲೆ ಥೇಮ್ಸ್ ಬರೀ ಹೊಳೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ದಂಡೆಯಲ್ಲಿ ಕಾರು ನಿಲ್ಲಿಸಬೇಡಿ ಎಂದು ಊರವರಿಗೆ ಯಾರೂ ಹೇಳಬೇಕಿಲ್ಲ. ನಿಲ್ಲಿಸುವವರು ನನ್ನಂಥ ನೆಂಟರು.

ಒದ್ದೆ ಚಪ್ಪಲಿಯಲ್ಲೇ ಯಾರ್ಕ್ ಹೌಸಿನ ತೋಟಕ್ಕೆ ಹೋದೆ. ಬರೋ ಕೌನ್ಸಿಲ್ ಸಭೆ ಸೇರುವ ಮನೆ ಇದು, 17ನೇ ಶತಮಾನದ್ದು. ತೋಟದ ಕೊಳದಲ್ಲಿ ಬಂಡೆಗಳ ಮೇಲೆ ಹತ್ತುತ್ತಾ ಜಾರುತ್ತಾ ಇರುವ ಅಮೃತಶಿಲೆಯ ಬೆತ್ತಲೆ ಹೆಂಗಸರು, ಎಲ್ಲರಿಗಿಂತ ಮೇಲೆ ಎರಡು ಕುದುರೆಗಳ ನಡುವೆ ಒಬ್ಬ ದೇವತೆ. ಇಟಲಿಯಲ್ಲಿ ಕೆತ್ತಿಸಿದವು. ತರಿಸಿದವನು ವಿಟೇಕರ್ ರೈಟ್ ಎಂಬ ದೊಡ್ಡ ಹಣಕಾಸು ವಂಚಕ. 1904ರಲ್ಲಿ ಶಿಕ್ಷೆಯಾದ ದಿನವೇ ನ್ಯಾಯಾಲಯದ ಕಟ್ಟಡದಲ್ಲಿ ವಿಷ ನುಂಗಿ ಸತ್ತ. ಆಮೇಲೆ ಬೊಂಬೆಗಳನ್ನು ಕೊಂಡು ಇಲ್ಲಿ ನಿಲ್ಲಿಸಿದವರು ಯಾರು ಗೊತ್ತೆ? ಸರ್ ರತನ್ ಟಾಟಾ. ಜಮ್ಷೆಡ್‌ಜಿಯವರ ಕಿರಿಯ ಮಗ. 1906ರಲ್ಲಿ ಈ ಮನೆ ಕೊಂಡರು. ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿಯ ಹೋರಾಟಕ್ಕೆ ಹಣ ಕಳಿಸಿದವರೂ ಇವರೇ. ಯಶವಂತಪುರದ ಬಸ್ ಕಂಡಕ್ಟರು ಇಂದಿಗೂ "ಟಾಟಾ ಇನ್‌ಸ್ಟಿಟ್ಯೂಟ್, ಟಾಟಾ ಇನ್‌ಸ್ಟಿಟ್ಯೂಟ್" ಎಂದು ಕೂಗುವ ಊರಿನಿಂದ ಬಂದವಳಿಗೆ ಲಂಡನ್ನಿನ ಪುರಭವನ ಟಾಟಾ ಮನೆಯಾಗಿ ಸಿಕ್ಕಿದ್ದು ನೆಂಟರ ಮನೆ ಸಿಕ್ಕಷ್ಟೇ ಖುಷಿ. ರತನ್ 1918ರಲ್ಲಿ ತೀರಿಕೊಂಡ ಮೇಲೆ ಮನೆ ಪುರಸಭೆಯ ಪಾಲಾಯಿತು. ಎರಡನೇ ಮಹಾಯುದ್ಧದಲ್ಲಿ ಬೆಳದಿಂಗಳಲ್ಲಿ ಬಿಳಿ ಕಲ್ಲು ಹೊಳೆದು ಜರ್ಮನ್ ವಿಮಾನಗಳಿಗೆ ದಾರಿ ತೋರಿಸೀತೆಂದು ಈ ಹೆಂಗಸರಿಗೆಲ್ಲ ಬೂದು ಬಣ್ಣ ಮೆತ್ತಿದ್ದರಂತೆ.

ರಾತ್ರಿ ಊಟಕ್ಕೆ ಕೂತಾಗ ಲೆಕ್ಕ ಹಾಕಿದೆವು. ಈ ಬರೋದ ಜನಸಂಖ್ಯೆ 2021ರ ಗಣತಿಯಲ್ಲಿ ಸುಮಾರು 1.95 ಲಕ್ಷ. 18 ವಾರ್ಡು, ವಾರ್ಡಿಗೆ ಮೂವರಂತೆ 54 ಕೌನ್ಸಿಲರುಗಳು. ಅಂದರೆ 3,600 ಜನಕ್ಕೆ ಒಬ್ಬರು. ನಮ್ಮ ಬಿಬಿಎಂಪಿಯಲ್ಲಿ 198 ವಾರ್ಡು ಇದ್ದಾಗ, 2011ರ ಗಣತಿಯ 84 ಲಕ್ಷದ ಲೆಕ್ಕದಲ್ಲಿ, 42 ಸಾವಿರಕ್ಕೆ ಒಬ್ಬ ಕಾರ್ಪೊರೇಟರ್. ಅದೂ 2020ರ ಸೆಪ್ಟೆಂಬರಿನಿಂದ ಅಂದಿನವರೆಗೆ ಒಬ್ಬರೂ ಇರಲಿಲ್ಲ. "ಹಾಗಾದ್ರೆ ನೀನು ಯಾರಿಗೆ ಅರ್ಜಿ ಕೊಟ್ಟೆ ದೊಡ್ಡಮ್ಮ?" ಎಂದಳು ತಂಗಿಯ ಮಗಳು. ಸಾರು ಬಡಿಸಿಕೊಂಡೆ.

ಇವರದೂ ಎಲ್ಲ ಸರಿಯಿದೆ ಎಂದಲ್ಲ. 2022ರ ಚುನಾವಣೆಯಲ್ಲಿ 54ರಲ್ಲಿ 48 ಸ್ಥಾನ ಲಿಬರಲ್ ಡೆಮಾಕ್ರಟರಿಗೇ ಹೋಯಿತು, ಗ್ರೀನ್ ಪಕ್ಷಕ್ಕೆ ಐದು, ಕನ್ಸರ್ವೇಟಿವ್ ಪಕ್ಷಕ್ಕೆ ಒಂದು. ಎದುರು ಬೆಂಚು ಖಾಲಿ ಹೊಡೆಯುವ ಸಭೆ ಎಂಥ ಸಭೆ? ದುಡ್ಡು ಉಳಿಸಲು 2016ರಿಂದ ಪಕ್ಕದ ವಾಂಡ್ಸ್‌ವರ್ತ್ ಬರೋ ಜೊತೆ ಸಿಬ್ಬಂದಿಯನ್ನೂ ಹಂಚಿಕೊಂಡಿದ್ದಾರೆ. ಮನೆ ತೆರಿಗೆ ಇಂದಿಗೂ ನಿಂತಿರುವುದು 1991ರ ಏಪ್ರಿಲ್‌ನಲ್ಲಿ ಆ ಮನೆಗೆ ಇದ್ದ ಬೆಲೆಯ ಮೇಲೆ. ಎ ಇಂದ ಎಚ್‌ವರೆಗೆ ಎಂಟು ದರ್ಜೆ, ಅಷ್ಟೆ. ನಮ್ಮ ವಲಯ ವರ್ಗೀಕರಣದ ಗೊಂದಲವೇ ವಾಸಿ ಅನ್ನಿಸಿತು.

ಮಂಗಳವಾರ, ಏಪ್ರಿಲ್ 29

ರಿಚ್ಮಂಡ್ ಬೆಟ್ಟ. ಬೆಟ್ಟವೆಂದರೆ ನಂದಿ, ಸಾವನದುರ್ಗ ನೋಡಿದವರು ನಗಬೇಕು. ಒಂದು ಏರು ಅಷ್ಟೆ, ಚಾಮುಂಡಿಯ ಹತ್ತು ಮೆಟ್ಟಿಲಿನಷ್ಟು. ಮೇಲೆ ಬೆಂಚುಗಳ ಸಾಲು. ಕೆಳಗೆ ಥೇಮ್ಸ್ ಕೈಬಳೆಯಂತೆ ಬಾಗಿ, ನಡುವೆ ಒಂದು ಪುಟ್ಟ ನಡುಗಡ್ಡೆಯನ್ನು ಹಿಡಿದುಕೊಂಡಿದೆ. ಎಡಗಡೆ ಹುಲ್ಲುಗಾವಲಿನಲ್ಲಿ ನಿಜವಾದ ಹಸುಗಳು ಮೇಯುತ್ತಿವೆ. ಟರ್ನರ್ ಚಿತ್ರ ಬರೆದ ನೋಟ ಇದು.

ಇದರ ಹಿಂದಿನ ಜಗಳದ ಕತೆ ನೋಟಕ್ಕಿಂತ ಚೆನ್ನಾಗಿದೆ. ಆ ಪುಟ್ಟ ನಡುಗಡ್ಡೆಯನ್ನು ಗ್ಲೋವರ್ ಎಂಬ ದೋಣಿಯವನೊಬ್ಬ ಕೊಂಡಿದ್ದ. ಅಲ್ಲಿ ಸಾಬೂನಿನ ಜಾಹೀರಾತು ಫಲಕ ಏಳುತ್ತದಂತೆ ಎಂಬ ಸುದ್ದಿಗೆ ಊರೇ ಕೆರಳಿತು. ಕೊನೆಗೆ 1900ರಲ್ಲಿ ಮ್ಯಾಕ್ಸ್ ವೇಕ್ಟರ್ ಎಂಬ ಸ್ಥಳೀಯ ಶ್ರೀಮಂತರು ಅದನ್ನು ಕೊಂಡು ಪುರಸಭೆಗೆ ಕೊಟ್ಟುಬಿಟ್ಟರು. ಅಷ್ಟರಲ್ಲಿ ಎದುರು ದಡದ ಮಾರ್ಬಲ್ ಹಿಲ್ ಎಸ್ಟೇಟು ಬಡಾವಣೆಯವರ ಕೈಗೆ ಬಿತ್ತು, ಮರ ಕಡಿಯಲು ಶುರುವಾಯಿತು. ಮತ್ತೆ ಗಲಾಟೆ. ಲಂಡನ್ ಕೌಂಟಿ ಕೌನ್ಸಿಲ್, ಸುತ್ತಲಿನ ಪುರಸಭೆಗಳು, ಖಾಸಗಿಯವರು ಸೇರಿ ಚಂದಾ ಎತ್ತಿ ಜಾಗ ಕೊಂಡರು. 1902ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಿತು. ಇಂಗ್ಲೆಂಡಿನಲ್ಲಿ ಕಾಯಿದೆಯಿಂದ ರಕ್ಷಣೆ ಪಡೆದ ನೋಟ ಇದೊಂದೇ. ಮರ ಅಲ್ಲ, ಜಮೀನಲ್ಲ, ಕಣ್ಣಿಗೆ ಕಾಣುವುದಕ್ಕೆ ಕಾನೂನು! ನಮ್ಮಲ್ಲಿ ಹಬ್ಬಕ್ಕೊಂದು, ಹುಟ್ಟುಹಬ್ಬಕ್ಕೊಂದು ಫ್ಲೆಕ್ಸ್ ಏಳುವ ನನ್ನ ಮನೆ ತಿರುವನ್ನು ನೆನೆದು ಇನ್ನೊಂದು ಬೆಂಚಿಗೆ ಹೋಗಿ ಕೂತೆ.

ಇಳಿದು ಹುಲ್ಲುಗಾವಲು ದಾಟಿ, ಹ್ಯಾಮ್ ಹೌಸ್ ಎಂಬ ಹಳೆಯ ಬಂಗಲೆಯ ಹತ್ತಿರದ ಕಡವಿಗೆ ಬಂದೆ. ಕೈ ಬೀಸಿದರೆ ಆ ದಡದಿಂದ ದೋಣಿ ಬರುತ್ತದೆ. ಹ್ಯಾಮರ್ಟನ್ ದೋಣಿ ಎಂದು ಹೆಸರು. ಇದೂ ಕೋರ್ಟು ಮೆಟ್ಟಿಲೇರಿದ್ದೇ. ಪಕ್ಕದ ಹಳೆ ಕಡವಿನ ಹಕ್ಕು ನಮ್ಮ ಮನೆತನದ್ದು ಎಂದು ಡೈಸರ್ಟ್ ಅರ್ಲ್ ದಾವೆ ಹೂಡಿದರೆ, ಅಂಬಿಗ ಹ್ಯಾಮರ್ಟನ್ ಬಿಡದೆ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 1915ರಲ್ಲಿ ಗೆದ್ದ. ಎರಡು ನಿಮಿಷದ ದಾಟು. ಆ ದಡ ಹತ್ತಿದರೆ ಅದೇ ಮಾರ್ಬಲ್ ಹಿಲ್. ಎರಡನೇ ಜಾರ್ಜ್ ದೊರೆಯ ಪ್ರೇಯಸಿ ಹೆನ್ರಿಯೆಟಾ ಹೊವರ್ಡ್ 1720ರ ದಶಕದಲ್ಲಿ ಕಟ್ಟಿಸಿಕೊಂಡ ಬಿಳಿ ಮನೆ, ಸುತ್ತ ಮಕ್ಕಳು ಫುಟ್‌ಬಾಲ್ ಒದೆಯುವ ಬಯಲು. ನೋಡಿಕೊಳ್ಳುವವರು ಇಂಗ್ಲಿಷ್ ಹೆರಿಟೇಜ್ ಎಂಬ ಸಂಸ್ಥೆ. ಬಿಟ್ಟು ಬಂದ ದಡದ ಹ್ಯಾಮ್ ಹೌಸ್ ನ್ಯಾಷನಲ್ ಟ್ರಸ್ಟ್ ಎಂಬ ಇನ್ನೊಂದು ಸಂಸ್ಥೆಯದು. ನನ್ನ ಟಿಪ್ಪಣಿ ಪುಸ್ತಕದಲ್ಲಿ "ಯಾರ ಸುಪರ್ದಿ" ಪಟ್ಟಿ ಆಗಲೇ ಉದ್ದವಾಗುತ್ತಿತ್ತು, ಕೌನ್ಸಿಲ್ ಹೆಸರು ಮಾತ್ರ ಅಪರೂಪ.

ಬುಧವಾರ, ಏಪ್ರಿಲ್ 30

ಇವತ್ತು ಬಸವ ಜಯಂತಿ. ಬೆಳಿಗ್ಗೆ ಪಾರ್ಕು, ಸಂಜೆ ಬಸವಣ್ಣ ಎಂದು ಹಂಚಿಕೊಂಡೆ. ಬಿಸಿಲು ಆಗಲೇ ಚುರುಕು. ಸ್ವೆಟರು ಸೂಟ್‌ಕೇಸಿನಿಂದ ಹೊರಬರಲೇ ಇಲ್ಲ.

33ರಲ್ಲಿ ಈಸ್ಟ್ ಶೀನ್‌ಗೆ ಹೋಗಿ, ಮನೆಗಳ ನಡುವೆ ಕಾಲುಗಂಟೆ ನಡೆದರೆ ಶೀನ್ ಗೇಟು. ಬೇರೆ ಹತ್ತಿರದ ಬಾಗಿಲುಗಳಿದ್ದರೂ ಬೇಕೆಂದೇ ಇಲ್ಲಿಗೆ ಬಂದೆ. ರಿಚ್ಮಂಡ್ ಪಾರ್ಕ್ ಸುಮಾರು 2,500 ಎಕರೆ. ಲಾಲ್‌ಬಾಗ್ 240 ಎಂದಿಟ್ಟುಕೊಂಡರೆ ಹತ್ತು ಲಾಲ್‌ಬಾಗ್. 1625ರಲ್ಲಿ ಪ್ಲೇಗಿಗೆ ಹೆದರಿ ಒಂದನೇ ಚಾರ್ಲ್ಸ್ ದೊರೆ ಆಸ್ಥಾನವನ್ನು ರಿಚ್ಮಂಡ್ ಅರಮನೆಗೆ ತಂದ. ಬೇಟೆಯ ಚಪಲಕ್ಕೆ ಜನರ ಹೊಲ, ಗೋಮಾಳ ಎಲ್ಲವನ್ನೂ ಸೇರಿಸಿ 1637ರಲ್ಲಿ ಸುತ್ತ ಎಂಟು ಮೈಲಿ ಇಟ್ಟಿಗೆ ಗೋಡೆ ಹಾಕಿಸಿದ. ಆದರೂ ಕಾಲುದಾರಿಯ ಹಕ್ಕು ಉಳಿದಿತ್ತು, ಗೋಡೆ ದಾಟಲು ಏಣಿಗಳಿದ್ದವು. ನೂರು ವರ್ಷದ ಮೇಲೆ ಎರಡನೇ ಜಾರ್ಜನ ಮಗಳು ರಾಜಕುಮಾರಿ ಅಮೀಲಿಯಾ ಪಾರ್ಕಿನ ಮೇಲ್ವಿಚಾರಕಿಯಾದಳು, ಚೀಟಿ ಇದ್ದವರಿಗಷ್ಟೇ ಪ್ರವೇಶ ಎಂದಳು.

ಜಾನ್ ಲೂಯಿಸ್ ಎಂಬ ರಿಚ್ಮಂಡಿನ ಬಿಯರ್ ತಯಾರಕ 1755ರಲ್ಲಿ ಇದೇ ಶೀನ್ ಗೇಟಿಗೆ ಬಂದು ಒಳಗೆ ಬಿಡಿ ಎಂದ. ಚೀಟಿ ಎಲ್ಲಿ ಎಂದಳು ಬಾಗಿಲು ಕಾಯುವ ಮಾರ್ತಾ ಗ್ರೇ. ಕಾನೂನೇ ನನ್ನ ಚೀಟಿ ಎಂಬಂತೆ ವಾದಿಸಿ, ಅವಳು ಬಾಗಿಲು ಮುಚ್ಚಿದ್ದೇ ತಡ ಕೇಸು ಹಾಕಿದ. ರಾಜನ ಮಗಳ ವಿರುದ್ಧ! ಮೂರು ವರ್ಷ ನಡೆದು 1758ರಲ್ಲಿ ಗೆದ್ದ. ನ್ಯಾಯಾಧೀಶ ಸರ್ ಮೈಕಲ್ ಫಾಸ್ಟರ್, ಬಾಗಿಲು ಬೇಕೋ ಏಣಿ ಬೇಕೋ ಎಂದು ಕೇಳಿದರು. ಲೂಯಿಸ್ ಯೋಚಿಸಿ ಏಣಿ ಎಂದ. ಬಾಗಿಲಿದ್ದರೆ ಇವತ್ತಲ್ಲ ನಾಳೆ ಚಿಲಕ ಹಾಕುತ್ತಾರೆ, ಏಣಿಗೆ ಚಿಲಕ ಎಲ್ಲಿ?

ಇದನ್ನು ಓದಿದ್ದೆ, ಆದರೆ ಆ ಗೇಟಿನ ಮುಂದೆ ನಿಂತಾಗ ನನ್ನ ಮೂರು ವರ್ಷವೆಲ್ಲ ಒಮ್ಮೆಲೇ ನೆನಪಾಗಿ ಗಂಟಲು ಕಟ್ಟಿತು. ನಾನು ಕೇಳಿದ್ದು ಕೀಲಿಕೈ. ಏಣಿ ಕೇಳಬೇಕೆಂದು ಹೊಳೆಯಲೇ ಇಲ್ಲ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಸೋತ ಕಡೆಯವರು ಏಣಿಯನ್ನೇನೋ ಇಟ್ಟರು, ಮೆಟ್ಟಿಲುಗಳ ನಡುವೆ ಅಂತರ ಮಾತ್ರ ಯಾರೂ ಹತ್ತಲಾಗದಷ್ಟು. ನಮ್ಮವರಿಗೇನೂ ಕಡಿಮೆಯಿಲ್ಲ ಅಲ್ಲವೆ? ಲೂಯಿಸ್ ಮತ್ತೆ ಹೋಗಿ, ಮಕ್ಕಳು ಮುದುಕರು ಹತ್ತಲಾಗುತ್ತಿಲ್ಲ ಎಂದು ದೂರಿದ. ನ್ಯಾಯಾಧೀಶರು ತಾವೂ ಅದನ್ನು ನೋಡಿರುವುದಾಗಿ ಹೇಳಿ, ಮಕ್ಕಳು ಮುದುಕರಷ್ಟೇ ಅಲ್ಲ, ಮುದುಕಿಯರೂ ಹತ್ತುವಂತೆ ಮಾಡಿಸಿ ಎಂದರಂತೆ. ಅರವತ್ತಮೂರರ ನಾನು ಆ ನ್ಯಾಯಾಧೀಶರಿಗೆ ಮನಸ್ಸಿನಲ್ಲೇ ಕೈಮುಗಿದೆ. ಮುಂದೆ ಲೂಯಿಸ್ ಕೈ ಖಾಲಿಯಾದಾಗ ರಿಚ್ಮಂಡಿನ ಜನ ಅವನಿಗೆ ವರ್ಷಾಶನ ಕಟ್ಟಿಕೊಟ್ಟರು.

ಇಂದು ಪಾರ್ಕು ನೋಡಿಕೊಳ್ಳುವುದು ರಾಯಲ್ ಪಾರ್ಕ್ಸ್ ಸಂಸ್ಥೆ, ಕೌನ್ಸಿಲ್ ಅಲ್ಲ. ಕಾಲ್ನಡಿಗೆಯವರಿಗೆ ಚೀಟಿ ಇಲ್ಲ. ಸುಮಾರು 630 ಜಿಂಕೆಗಳಿವೆ, ಕೆಂಪು ಜಿಂಕೆ, ಚುಕ್ಕೆಯ ಫ್ಯಾಲೋ ಜಿಂಕೆ. 50 ಮೀಟರ್ ದೂರ ನಿಲ್ಲಿ ಎಂದು ಬೋರ್ಡಿದೆ. 2011ರಲ್ಲಿ "ಫೆಂಟನ್! ಫೆಂಟನ್!" ಎಂದು ಕಿರುಚುತ್ತಾ ಯಜಮಾನನೊಬ್ಬ ಜಿಂಕೆ ಹಿಂಡನ್ನು ಅಟ್ಟುವ ತನ್ನ ನಾಯಿಯ ಹಿಂದೆ ಓಡಿದ ವಿಡಿಯೊ ಜಗತ್ತೆಲ್ಲ ನೋಡಿತ್ತಲ್ಲ, ಅದು ಇಲ್ಲೇ. ನನ್ನನ್ನು ಬೆಚ್ಚಿಸಿದ್ದು ಮಾತ್ರ ತಲೆಯ ಮೇಲೆ ಕೀ ಕೀ ಎಂದು ಹಾದ ಹಸಿರು ಹಿಂಡು. ಗಿಳಿಗಳು! ನಮ್ಮ ಕೆಂಪು ಕೊರಳಪಟ್ಟಿಯ ಗಿಳಿಗಳೇ, ಓಕ್ ಮರದ ಪೊಟರೆಯಲ್ಲಿ ಸಂಸಾರ ಹೂಡಿವೆ. ಪಂಜರದಿಂದ ತಪ್ಪಿಸಿಕೊಂಡವರ ಮೊಮ್ಮಕ್ಕಳು. ವೀಸಾ ಕೇಳುವವರಿಲ್ಲ.

ಇಸಬೆಲ್ಲಾ ತೋಟದ ಅಜೇಲಿಯ ಹೂಗಳ ಬಗ್ಗೆ ಬರೆಯಲು ಹೋಗುವುದಿಲ್ಲ. ಕೊಳದ ಸುತ್ತ ಕುಂಕುಮ, ಗುಲಾಬಿ, ನೇರಳೆ ಕಲಸಿ ಚೆಲ್ಲಿದ ಹಾಗಿತ್ತು, ಅಷ್ಟು ಸಾಕು. ಪೆಂಬ್ರೋಕ್ ಲಾಡ್ಜಿನಲ್ಲಿ ಟೀ ಕುಡಿದೆ. ತತ್ವಶಾಸ್ತ್ರಜ್ಞ ಬರ್ಟ್ರಂಡ್ ರಸೆಲ್ ಬೆಳೆದ ಅಜ್ಜನ ಮನೆ. ಹಿತ್ತಲಿನ ದಿಬ್ಬದ ಮೇಲೆ ಒಂದು ದೂರದರ್ಶಕ. ಪೊದೆಗಳಲ್ಲಿ ಕತ್ತರಿಸಿಟ್ಟ ಕಿಂಡಿಯ ಮೂಲಕ ಹತ್ತು ಮೈಲಿ ಆಚೆಯ ಸೇಂಟ್ ಪಾಲ್ಸ್ ಗುಮ್ಮಟ ಕಾಣುತ್ತದೆ. ಈ ನೋಟಕ್ಕೂ ಯೋಜನಾ ನಿಯಮದ ಕಾವಲಿದೆ. ಆದರೆ 2016ರಲ್ಲಿ ಸ್ಟ್ರಾಟ್‌ಫರ್ಡಿನ ಗಗನಚುಂಬಿಯೊಂದು ಗುಮ್ಮಟದ ಬೆನ್ನ ಹಿಂದೆ ತಲೆಯೆತ್ತಿದ ಮೇಲೆಯೇ ಎಲ್ಲರಿಗೂ ಎಚ್ಚರವಾದದ್ದು. ನೋಡಿದೆ, ನಿಂತಿದೆ ಅಲ್ಲೇ. ಇಲ್ಲೂ ಹಾಗೇ.

ಸಂಜೆ ತಂಗಿ ವಾಕ್ಸ್‌ಹಾಲ್‌ಗೆ ರೈಲಿನಲ್ಲಿ ಕರೆದೊಯ್ದಳು. ಟೆಡಿಂಗ್ಟನ್ ದಾಟಿದ ಅದೇ ನೀರಿನ ದಂಡೆಯಲ್ಲಿ, ಲ್ಯಾಂಬೆತ್ ಬರೋದಲ್ಲಿ, ಬಸವಣ್ಣನ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಹಿಂದೆ ನಿಂತು ದುಡಿದವರು ಆ ಬರೋದ ಮೇಯರ್ ಆಗಿದ್ದ ಕಲಬುರಗಿಯ ನೀರಜ್ ಪಾಟೀಲರು. ಯಾರೋ ಇಟ್ಟು ಹೋದ ಹೂವಿನ ಪಕ್ಕ ನಮ್ಮದೂ ಒಂದು ಹಿಡಿ ಇಟ್ಟೆವು.

ಗುರುವಾರ, ಮೇ 1

ಕ್ಯೂ ಗಾರ್ಡನ್ಸ್ ಎಂಬ ಸಸ್ಯೋದ್ಯಾನ. ಮತ್ತು ಬೆವರು. ಮೇ 1ರ ದಿನಕ್ಕೆ ಬ್ರಿಟನ್ನಿನಲ್ಲಿ ದಾಖಲಾದ ಅತಿ ಹೆಚ್ಚು ತಾಪಮಾನ ಅಂದೇ ಬಂತು, 29.3 ಡಿಗ್ರಿ, ಅದೂ ಇದೇ ಕ್ಯೂ ತೋಟದ ಮಾಪಕದಲ್ಲಿ. ಪಾಮ್ ಹೌಸ್ ಎಂಬ 1848ರ ಗಾಜಿನ ಮನೆಯೊಳಗೆ ಹೋದವರೆಲ್ಲ ಕೆಂಪಾಗಿ ಹೊರಗೆ ಓಡುತ್ತಿದ್ದರೆ ನಾನು ಬಾಳೆ, ಕೋಕೋ, ತೆಂಗುಗಳ ಮಧ್ಯೆ ಮಂಗಳೂರಿನ ದೊಡ್ಡಪ್ಪನ ಮನೆ ಹಿತ್ತಲಿನಲ್ಲಿದ್ದಂತೆ ಅಡ್ಡಾಡಿದೆ. ಅಲ್ಲೊಂದು ಸೈಕಾಡ್ ಗಿಡ, 1775ರಲ್ಲಿ ದಕ್ಷಿಣ ಆಫ್ರಿಕಾದಿಂದ ಬಂದದ್ದು, ಇನ್ನೂ ಕುಂಡದಲ್ಲೇ ಇದೆ. ವಯಸ್ಸಾದ ಮೇಲೆ ಊರುಗೋಲು ಕೊಟ್ಟಂತೆ ಆಸರೆ ಕೊಟ್ಟಿದ್ದಾರೆ.

ನನಗೆ ಇಲ್ಲಿ ಬೇಕಾಗಿದ್ದ ನೆಂಟ ಬೇರೆ. ಕೃಂಬಿಗಲ್. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಹೈಡ್ ಪಾರ್ಕಿನಲ್ಲೂ ಈ ಕ್ಯೂನಲ್ಲೂ ತೋಟಗಾರನಾಗಿ ಕೈ ಪಳಗಿಸಿಕೊಂಡು, ಬರೋಡಕ್ಕೆ ಹೋಗಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು. ವರ್ಷದ ಯಾವ ತಿಂಗಳಲ್ಲಾದರೂ ಬೆಂಗಳೂರಿನ ಯಾವುದಾದರೊಂದು ಸಾಲುಮರ ಹೂ ಬಿಟ್ಟಿರಬೇಕು ಎಂದು ಲೆಕ್ಕ ಹಾಕಿ ನೆಡಿಸಿದವರು. 1956ರಲ್ಲಿ ನಮ್ಮೂರಿನಲ್ಲೇ ಮಣ್ಣಾದರು. ಲಾಲ್‌ಬಾಗಿನಲ್ಲಿ ಅವರ ಹೆಸರಿನ ಹಳೆಯ ಸಭಾಂಗಣವನ್ನು 2017ರಲ್ಲಿ ಕೆಡವಿದ್ದನ್ನು ಇಲ್ಲಿ ಯಾರಿಗೂ ಹೇಳಲಿಲ್ಲ.

ಮೂಲೆಯ ಪಗೋಡ ನೋಡದೆ ಬರಬಾರದು. 1762ರ ಹತ್ತು ಅಂತಸ್ತಿನ ಚೀನೀ ಗೋಪುರ, ಸೂರಿನ ಮೂಲೆಮೂಲೆಯಲ್ಲಿ ಒಟ್ಟು 80 ಡ್ರ್ಯಾಗನ್. ಯುದ್ಧಕಾಲದಲ್ಲಿ ಬಾಂಬು ಹೇಗೆ ಬೀಳುತ್ತದೆಂದು ಪರೀಕ್ಷಿಸಲು ಪ್ರತಿ ಮಹಡಿಗೂ ತೂತು ಕೊರೆದು ಮೇಲಿನಿಂದ ಮಾದರಿ ಬಾಂಬು ಬಿಡುತ್ತಿದ್ದರು. ತೋಟ ಕ್ಯೂ ಸಂಸ್ಥೆಯದು, ಅದರೊಳಗಿನ ಪಗೋಡ, ಪುಟ್ಟ ಅರಮನೆ ಹಿಸ್ಟಾರಿಕ್ ರಾಯಲ್ ಪ್ಯಾಲೆಸಸ್ ಎಂಬ ಇನ್ನೊಂದು ಸಂಸ್ಥೆಯದು. ಪುಸ್ತಕದಲ್ಲಿ ಬರೆದುಕೊಂಡೆ.

ಶುಕ್ರವಾರ, ಮೇ 2

ಬಾರ್ನ್ಸ್. ಹಳೆಯ ಕುಡಿಯುವ ನೀರಿನ ನಾಲ್ಕು ಜಲಾಶಯಗಳನ್ನು ಜೌಗಾಗಿ ಮಾಡಿ 2000ದಲ್ಲಿ ತೆರೆದ ವೆಟ್‌ಲ್ಯಾಂಡ್ ಸೆಂಟರ್ ನೋಡಿದೆ. ಬಾತುಕೋಳಿಗಳು ಚೆನ್ನಾಗಿದ್ದವು, ಕಾಲು ಮಾತ್ರ ನೋಯುತ್ತಿತ್ತು.

33ರ ಪ್ರಯಾಣ ಹ್ಯಾಮರ್‌ಸ್ಮಿತ್ ಸೇತುವೆಯ ಈಚೆಗೇ ಮುಗಿಯುತ್ತದೆ. 1887ರ ಹಸಿರು ಬಣ್ಣದ ತೂಗುಸೇತುವೆ. ಬಿರುಕು ಕಂಡು 2019ರ ಏಪ್ರಿಲ್‌ನಲ್ಲಿ ವಾಹನಗಳಿಗೆ ಮುಚ್ಚಿದ್ದು ಮುಚ್ಚಿದ್ದೇ. ಸೇತುವೆಯ ಒಡೆತನ ಆಚೆ ದಡದ ಬರೋದ್ದು, ಸುತ್ತಿಬಳಸುವ ಗೋಳು ಈಚೆ ದಡದ ಬಾರ್ನ್ಸ್‌ನವರದು, ದುಡ್ಡು ಕೊಡಬೇಕಾದವರಲ್ಲಿ ಸರ್ಕಾರವೂ ಇದೆ. ಆರು ವರ್ಷ! ಕ್ಷಮಿಸಿ, ಇದನ್ನು ಓದಿ ನನಗೆ ಒಂದು ಬಗೆಯ ಸಮಾಧಾನವೇ ಆಯಿತು. ಸೇತುವೆ ಮೇಲೆ ನಡೆದು ಹೋಗಿ ನಡೆದೇ ಬಂದೆ.

ಶನಿವಾರ, ಮೇ 3

ಬೆಳಿಗ್ಗೆ ಒಂಬತ್ತಕ್ಕೆ ಬುಷಿ ಪಾರ್ಕು, ಈ ಸಲ ತಂಗಿ, ಮಗಳು ಇಬ್ಬರೂ ಜೊತೆಗೆ. ಕ್ರಿಸ್ಟೊಫರ್ ರೆನ್ ಯೋಚಿಸಿದ ಚೆಸ್ಟ್‌ನಟ್ ಸಾಲುಮರಗಳು ದೀಪದ ಕುಡಿಗಳಂತೆ ಬಿಳಿ ಹೂ ಹೊತ್ತಿದ್ದವು. 2004ರ ಅಕ್ಟೋಬರ್ 2ರಂದು 13 ಜನ ಇಲ್ಲಿ ಐದು ಕಿಲೋಮೀಟರ್ ಓಡಿದರು. ಅದೇ ಬೆಳೆದು ಪಾರ್ಕ್‌ರನ್ ಆಗಿ ದೇಶ ದೇಶಗಳಿಗೆ ಹಬ್ಬಿತು. ಇಂದಿಗೂ ಕಾಸಿಲ್ಲ. ಸಾವಿರಕ್ಕೂ ಹೆಚ್ಚು ಜನ ಓಡುವಾಗ ಕಟ್ಟಕಡೆಗೆ ಒಬ್ಬ ಸ್ವಯಂಸೇವಕರು ಬೇಕೆಂದೇ ನಡೆದು ಬರುತ್ತಾರೆ, ಯಾರೂ ಕೊನೆಯವರಾಗದಂತೆ. ಅವರ ಜೊತೆ ಹರಟುತ್ತಾ ಸೀರೆ, ಕ್ಯಾನ್ವಾಸ್ ಶೂನಲ್ಲಿ ಐದು ಕಿಲೋಮೀಟರ್ ಮುಗಿಸಿದೆ. ನನ್ನ ಹಿಂದೆ ಒಬ್ಬರಿದ್ದರು ಎಂಬುದನ್ನು ದಾಖಲಿಸತಕ್ಕದ್ದು.

ಮಧ್ಯಾಹ್ನ ಹುರಿಗಾಳು ಮೆಲ್ಲುತ್ತಾ ನನ್ನ ಪಟ್ಟಿ ತಂಗಿಗೆ ಓದಿ ಹೇಳಿದೆ. ರಾಯಲ್ ಪಾರ್ಕ್ಸ್, ಕ್ಯೂ, ಅರಮನೆ ಸಂಸ್ಥೆ, ಇಂಗ್ಲಿಷ್ ಹೆರಿಟೇಜ್, ನ್ಯಾಷನಲ್ ಟ್ರಸ್ಟ್. "ಹಾಗಾದ್ರೆ ನಿಮ್ಮ ಕೌನ್ಸಿಲ್‌ದು ಏನೇ?" ಎಂದೆ. ಅವಳು ಕಿಟಕಿಯಾಚೆ ಕೈ ತೋರಿಸಿದಳು. ತಿರುವಿನಲ್ಲಿ ಒಂದು ಪುಟ್ಟ ಆಟದ ಬಯಲು, ಎರಡು ಉಯ್ಯಾಲೆ, ಒಂದು ಬೆಂಚು. ಅಂಥವು ಬರೋದಲ್ಲಿ ನೂರಕ್ಕೂ ಹೆಚ್ಚು. ಆರು ದಿನ ಅದರ ಮುಂದೆಯೇ ಬಸ್ಸಿಗೆ ಓಡಿದ್ದೆ, ನೋಡಿರಲಿಲ್ಲ. ಪಕ್ಕದ ದೀಪದ ಕಂಬಕ್ಕೆ ಪ್ಲಾಸ್ಟಿಕ್ ಹೊದಿಸಿದ ಒಂದು ನೋಟಿಸು ಕಟ್ಟಿತ್ತು: ಇಂಥ ಮನೆಯವರು ಹಿಂದೆ ಒಂದು ಕೋಣೆ ಕಟ್ಟಿಕೊಳ್ಳಬೇಕೆಂದಿದ್ದಾರೆ, ಆಕ್ಷೇಪಣೆ ಇದ್ದವರು ಇಷ್ಟರೊಳಗೆ ಬರೆಯಿರಿ. ಬಯಲಿಗೆ ಗೇಟಿತ್ತು, ನಾಯಿ ನುಗ್ಗದಂತೆ ಸೊಂಟದೆತ್ತರದ್ದು. ತಳ್ಳಿದೆ. ತೆರೆಯಿತು.

ಶೀನ್ ಗೇಟಿನ ಫೋಟೊ, ಜೊತೆಗೆ ಲೂಯಿಸ್ ಕತೆ, ಎರಡನ್ನೂ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿ, "ಬೀಗ ಏನಾಯಿತು?" ಎಂದು ಕೇಳಿದೆ. ಅಲ್ಲಿ ಆಗಲೇ ರಾತ್ರಿ. ಆದರೂ ಮೂರನೇ ಅಡ್ಡರಸ್ತೆಯ ಮೇಷ್ಟ್ರು ಎಚ್ಚರವಿದ್ದರು.

"ಹಾಗೇ ಇದೆ ಮೇಡಂ. ಹಿಂದಿನ ಗೋಡೆ ಅಳೆದೆ, ಐದಡಿ ಇದೆ. ನಮ್ಮ ಪೇಂಟರ್ ಹತ್ರ ಒಂದು ಹಳೇ ಏಣಿ ಬಿದ್ದಿದೆಯಂತೆ. ಮೆಟ್ಟಿಲು ಎಷ್ಟು ಹತ್ತಿರ ಇರಬೇಕು, ನೀವು ಬಂದು ಹತ್ತಿ ನೋಡಿ ಹೇಳಿ."